ಬೈಠಕ್ಕು ಮತ್ತು ಬಸ್ಕಿ: ಒಂದು ವ್ಯಾಯಾಮದ ಪೂರ್ವೇತಿಹಾಸ

ಕನ್ನಡ ನಾಡಿನ ಗರಡಿಮನೆಗಳಲ್ಲಿ ಕಾಲುಗಳ ಬಲಕ್ಕಾಗಿ ಮಾಡತಕ್ಕ ಸಾಧನೆಗಳೊಳಗೆ ಬೈಠಕ್ಕಿಗೆ ಮೊದಲ ಸ್ಥಾನವಿರುವುದು ಎಲ್ಲರೂ ಬಲ್ಲ ಸಂಗತಿಯೇ. ನಿಂತ ನಿಲುವಿನಿಂದ ಮೊಣಕಾಲುಗಳನ್ನು ಮಡಿಸಿ, ಪೃಷ್ಠವು ಹಿಮ್ಮಡಿಗಳನ್ನು ಸೋಕುವವರೆಗೆ ಕುಳಿತು, ಮರಳಿ ಏಳುವುದು. ಇಷ್ಟೇ ಅದರ ಸ್ವರೂಪ. ಇದಕ್ಕೆ ಉಪಕರಣ ಬೇಡ, ಜೊತೆಗಾರನು ಬೇಡ. ಎರಡು ಮೊಳ ನೆಲವಿದ್ದರೆ ಸಾಕು. ಧಾರವಾಡ ಬೆಳಗಾವಿಗಳ ಕಡೆಯ ಪೈಲವಾನರು ಇದನ್ನು ಬೈಠಕ್ಕೆನ್ನುವರು. ಮೈಸೂರು ಸೀಮೆಯಲ್ಲಿ ಬಸ್ಕಿಯೆಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ.

ಇಷ್ಟು ಸರಳವಾದ ಕ್ರಿಯೆಗೂ ಒಂದು ಚರಿತ್ರೆಯುಂಟೆ ಎಂದು ಕೇಳುವವರಿರಬಹುದು. ಉಂಟು, ಮೇಲಾಗಿ ಆ ಚರಿತ್ರೆಯ ವಿಷಯದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳು ಪ್ರಚಾರದಲ್ಲಿವೆ. ಆಂಜನೇಯ ಭೀಮಸೇನರ ಕಾಲದಿಂದಲೂ ಈ ವ್ಯಾಯಾಮವು ಇದೇ ರೂಪದಲ್ಲಿ, ಇದೇ ಕ್ರಮದಲ್ಲಿ ನಡೆದು ಬಂದಿದೆಯೆಂಬುದು ಅಭಿಮಾನಿಗಳ ಮಾತು. ಆಂಗ್ಲರ ದಂಡಿನ ಕವಾಯತಿನಿಂದ ಹುಟ್ಟಿದ ಹೊಸ ಪದ್ಧತಿಗೆ ದೇಶೀಯ ವೇಷವನ್ನು ತೊಡಿಸಲಾಗಿದೆಯೆಂಬುದು ಸಂಶಯಿಗಳ ಮಾತು. ಎರಡಕ್ಕೂ ಆಧಾರ ಸಾಲದು. ವ್ಯಾಯಾಮವೊಂದರ ಮೂಲವನ್ನು ಅರಸುವಾಗ ಅದರ ಹೆಸರು, ಅದರ ಭಂಗಿ, ಅದರ ಅಭ್ಯಾಸಕ್ರಮ ಎಂಬ ಮೂರನ್ನು ಬೇರೆಬೇರೆಯಾಗಿ ಪರಿಶೀಲಿಸತಕ್ಕುದು. ಮೂರಕ್ಕೂ ಒಂದೇ ವಯಸ್ಸಿರಬೇಕೆಂಬ ನಿಯಮವೇನೂ ಇಲ್ಲ. ಈ ಮೂರನ್ನು ಒಂದಾಗಿ ಕಲಸಿಬಿಟ್ಟುದೇ ಮೇಲಣ ಎರಡು ಭ್ರಮೆಗಳಿಗೂ ಕಾರಣವೆಂದು ತೋರುತ್ತದೆ.

ಮೊದಲು ಹೆಸರು. ಬೈಠಕ್ ಎಂಬುದು ಕನ್ನಡ ಶಬ್ದವಲ್ಲ. ಸಂಸ್ಕೃತ ತತ್ಸಮವೂ ಅಲ್ಲ. ಸಂಸ್ಕೃತದ 'ಉಪವಿಷ್ಟ' ಎಂಬ ರೂಪವು ಪ್ರಾಕೃತಗಳಲ್ಲಿ ಸವೆದು, ಆದಿಸ್ವರವನ್ನು ಕಳೆದುಕೊಂಡು, ಹಿಂದಿಯಲ್ಲಿ 'ಬೈಠ' ಎಂದಾಯಿತು. ಅದೇ 'ಉಪವಿಶ್' ಧಾತುವಿನ ವರ್ತಮಾನರೂಪವು ಇನ್ನೊಂದು ಹಾದಿಯಲ್ಲಿ ಸವೆದು ಮರಾಠಿಯಲ್ಲಿ 'ಬಸಣೇ' ಎಂದಾಯಿತು. ಮರಾಠಿಯ 'ಉಠಾಬಶಾ', ನಮ್ಮವರ 'ಉಠಬೈಸು', ಮೈಸೂರಿನ 'ಬಸ್ಕಿ' ಇವೆಲ್ಲವೂ ಈ ಎರಡನೆಯ ಕವಲಿಗೆ ಸೇರಿದವೆಂದು ಊಹಿಸುವುದೇ ಯುಕ್ತ. ಹೀಗಾಗಿ ಬೈಠಕ್ಕು ಬಸ್ಕಿಗಳು ದಾಯಾದಿಗಳು. ಎರಡೂ ಒಂದೇ ಮೂಲದಿಂದ ಹೊರಟು ಬೇರೆಬೇರೆ ಬಾಗಿಲುಗಳಿಂದ ಕನ್ನಡದ ಮನೆಯನ್ನು ಹೊಕ್ಕಿವೆ. ಧಾರವಾಡದಲ್ಲಿ ಬೈಠಕ್ಕೆಂದರೆ ಸಂಗೀತಗಾರರು ಕುಳಿತು ಹಾಡುವ ಸಭೆಯೂ ಹೌದು. ಒಂದೇ ಊರಿನಲ್ಲಿ ಒಬ್ಬನು ಬೈಠಕ್ಕನ್ನು ಹಾಡುವನು, ಇನ್ನೊಬ್ಬನು ಹೊಡೆಯುವನು. ಎರಡರಲ್ಲಿಯೂ ಬೆವರು ಸುರಿಯುವುದುಂಟು.

ಗರಡಿಯ ಉಳಿದ ಪರಿಭಾಷೆಯನ್ನು ನೋಡಿದರೂ ಇದೇ ಸ್ಥಿತಿ. ಧಾರವಾಡದ ನೆರೆಯ ಕೋಳಿವಾಡದವನಾದ ಕುಮಾರವ್ಯಾಸನಿಗೆ 'ಗರುಡಿ'ಯೆಂಬ ಶಬ್ದವು ಪರಿಚಿತವಾದದ್ದೇ. ಆದರೆ 'ತಾಲೀಮು' ಅರಬ್ಬಿಯಿಂದಲೂ, 'ಕುಸ್ತಿ', 'ಪೈಲವಾನ', 'ವಸ್ತಾದ' ಎಂಬಿವು ಪಾರಸಿಯಿಂದಲೂ ಬಂದವು. ಮರಾಠಿಯಲ್ಲಿ 'ಜೋರ್-ಬೈಠಕಾ' ಎಂದು ಜೋಡಿಯಾಗಿ ಹೇಳುವುದನ್ನು ಹಿಂದಿಯವರು 'ದಂಡ-ಬೈಠಕ್' ಎನ್ನುವರು. ಮನೆಯ ಹೆಸರು ಹಳೆಯದಾಗಿಯೇ ಉಳಿದು, ಮನೆಯೊಳಗಿನ ಸಾಮಾನಿನ ಹೆಸರುಗಳು ಹೊಸವಾದುವೆಂದ ಮೇಲೆ, ನಡುವೆ ಯಾವುದೋ ಕಾಲದಲ್ಲಿ ಗುರುಗಳೂ ಪಾಠಕ್ರಮವೂ ಬದಲಾಗಿರಬೇಕೆಂಬುದು ಸ್ಪಷ್ಟ.

ಭಂಗಿಯ ವಿಚಾರಕ್ಕೆ ಬಂದರೆ ಸಂಗತಿ ಬೇರೆ. ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿ, ಬಯಲುನಾಡು ಮುಗಿದು ಮಲೆನಾಡಿನ ಸೆರಗು ತೊಡಗುವ ಸೀಮೆಯಲ್ಲಿ, ದೇವಿಕೊಪ್ಪವೆಂಬ ಗ್ರಾಮವಿದೆ. ಅಂಥ ಊರಿನ ಒಕ್ಕಲಿಗನು ಗರಡಿಯ ಹೊಸ್ತಿಲನ್ನೇ ದಾಟದವನಾದರೂ, ದಿನದಲ್ಲಿ ಎಷ್ಟು ಸಲ ಕುಕ್ಕುರುಗಾಲಿನಲ್ಲಿ ಕುಳಿತು ಏಳುವನೆಂದು ಎಣಿಸಹೋದರೆ ಎಣಿಸುವವನೇ ದಣಿದಾನು. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ, ಕುರ್ಪಿ ಹಿಡಿದು ಕಳೆ ತೆಗೆಯುವಾಗ, ಒಲೆಯ ಬೆಂಕಿ ಊದುವಾಗ, ಕಟ್ಟೆಯ ಬಳಿ ನಾಲ್ಕು ಮಾತಾಡುವಾಗ, ಎಲ್ಲ ಕಡೆಗೂ ಇದೇ ಆಸನ. 'ಕುಕ್ಕುರು', 'ಕುಕ್ಕರಿಸು' ಎಂಬ ಶಬ್ದಗಳು ಅಚ್ಚಗನ್ನಡದವು. ತಮಿಳಿನಲ್ಲಿಯೂ 'ಕುಕ್ಕು' ಎಂಬ ಸಜಾತೀಯ ಪದವುಂಟು. ಬೈಠಕ್ಕೆಂಬ ಹೆಸರು ಹೊರಗಿನಿಂದ ಬಂದರೂ ಆ ಹೆಸರು ಸೂಚಿಸುವ ಕುಳಿತ ನಿಲುವಿಗೆ ಕನ್ನಡಿಗನು ಯಾರಿಗೂ ಋಣಿಯಲ್ಲ.

ಗ್ರಂಥಗಳಲ್ಲಿಯೂ ಈ ಭಂಗಿಯ ಪ್ರಾಚೀನತೆಗೆ ಸಾಕ್ಷ್ಯ ಹೇರಳವಾಗಿದೆ. ವರ್ಧಮಾನ ಮಹಾವೀರನು ಋಜುವಾಲುಕಾ ನದಿಯ ದಡದಲ್ಲಿ ಸಾಲವೃಕ್ಷದ ಬಳಿ ಕೇವಲಜ್ಞಾನವನ್ನು ಪಡೆದಾಗ ಕುಳಿತಿದ್ದುದು ಪದ್ಮಾಸನದಲ್ಲಲ್ಲ. ಆಕಳನ್ನು ಕರೆಯುವವನು ಕೂಡುವಂತೆ, ಉತ್ಕಟುಕ-ಗೋದೋಹಿಕಾ ಆಸನದಲ್ಲಿ ಕುಳಿತಿದ್ದನೆಂದು ಆಚಾರಾಂಗ ಕಲ್ಪಸೂತ್ರಗಳೆಂಬ ಶ್ವೇತಾಂಬರ ಗ್ರಂಥಗಳು ಹೇಳುತ್ತವೆ. ದೇವಿಕೊಪ್ಪದ ಕೊಟ್ಟಿಗೆಯಲ್ಲಿ ದಿನವೂ ಕಾಣುವ ನಿಲುವೇ ಅಲ್ಲಿ ತಪಸ್ಸಿನ ನಿಲುವಾಗಿರುವುದನ್ನು ಗಮನಿಸಬೇಕು. ಬೌದ್ಧರ ಧಮ್ಮಪದವು ನಗ್ನತೆ, ಜಟೆ, ಉಪವಾಸಗಳ ಸಾಲಿನಲ್ಲಿ ಕುಕ್ಕುರುಗಾಲಿನ ತಪಸ್ಸನ್ನೂ ಹೆಸರಿಸಿ, ಸಂಶಯವನ್ನು ದಾಟದವನಿಗೆ ಇವುಗಳಿಂದ ಶುದ್ಧಿಯಿಲ್ಲವೆಂದು ಖಂಡಿಸಿದೆ. ಖಂಡನೆಗೆ ಯೋಗ್ಯವಾಗುವಷ್ಟು ಆ ಅಭ್ಯಾಸವು ಆಗ ಹಬ್ಬಿದ್ದಿತೆಂಬುದಕ್ಕೆ ಇದಕ್ಕಿಂತ ಪ್ರಮಾಣವೇಕೆ? ಮುಂದೆ ಹಠಯೋಗದ ಘೇರಂಡಸಂಹಿತೆಯಲ್ಲಿ ಉತ್ಕಟಾಸನವೆಂಬ ಲಕ್ಷಣ ಬರುತ್ತದೆ: ಕಾಲ್ಬೆರಳುಗಳನ್ನು ನೆಲಕ್ಕೆ ಊರಿ, ಹಿಮ್ಮಡಿಗಳನ್ನು ಮೇಲೆತ್ತಿ, ಆ ಹಿಮ್ಮಡಿಗಳ ಮೇಲೆ ಪೃಷ್ಠವನ್ನಿಡುವುದು. ಗರಡಿಯ ಬೈಠಕ್ಕಿನಲ್ಲಿ ಪೂರ್ಣವಾಗಿ ಕುಳಿತಾಗ ಪೈಲವಾನನ ದೇಹವು ತಾಳುವ ಆಕಾರವು ಇದಕ್ಕಿಂತ ಭಿನ್ನವಲ್ಲ. ಒಕ್ಕಲಿಗನು ಅಂಗಾಲನ್ನು ಪೂರ್ತಿ ಊರಿ ಕೂಡುವನು, ಪೈಲವಾನನು ಹಿಮ್ಮಡಿಯನ್ನೆತ್ತಿ ಕೂಡುವನು. ಈ ಒಂದು ಭೇದವು ಅಲ್ಪವಾಗಿ ಕಂಡರೂ ಮುಂದೆ ಫಲವಿಚಾರದಲ್ಲಿ ಉಪಯೋಗಕ್ಕೆ ಬರುವುದು.

ಹಾಗಾದರೆ ಈ ಭಂಗಿಯು ಮಲ್ಲರ ವ್ಯಾಯಾಮವಾದುದು ಯಾವಾಗ? ಇದಕ್ಕೆ ಉತ್ತರವನ್ನು ಹುಡುಕತಕ್ಕವರು ಮೊದಲು ತೆರೆದು ನೋಡಬೇಕಾದ ಗ್ರಂಥ ಕನ್ನಡ ನಾಡಿನದೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು, ಅಥವಾ ಅಭಿಲಷಿತಾರ್ಥಚಿಂತಾಮಣಿಯು, ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಮಹಾಕೋಶ. ಅದರ ನಾಲ್ಕನೆಯ ವಿಂಶತಿಯಲ್ಲಿ ಬರುವ ಮಲ್ಲವಿನೋದವೆಂಬ ಅಧ್ಯಾಯವು ಅರಸನ ಆಶ್ರಯದಲ್ಲಿದ್ದ ಜಟ್ಟಿಗಳ ಜೀವನವನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತದೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ಭೇದಗಳು, ಅವರಿಗೆ ಕೊಡತಕ್ಕ ಆಹಾರ, ಕಲಿಯತಕ್ಕ ಪಟ್ಟುಗಳು, ಅರಸನ ಎದುರಿಗೆ ನಡೆಯುವ ಕಾಳಗ, ಇವೆಲ್ಲವೂ ಅಲ್ಲಿವೆ. ಸಾಧನೆಗಳಿಗೆ ಆ ಗ್ರಂಥವು 'ಶ್ರಮ'ವೆಂಬ ಶಬ್ದವನ್ನು ಬಳಸಿದೆ. ಭಾರವನ್ನೆತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಈಸುವುದು ಸಲಿಲಶ್ರಮ, ತೋಳಿಗೆ ತೋಳನ್ನೊಡ್ಡಿ ನೂಕುವುದು ಬಾಹುಪೆಲ್ಲಣಕ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಕನ್ನಡದಲ್ಲಿ ಗರಡಿಯ ಸಾಧನೆಗೆ ರೂಢವಾಗಿರುವ 'ಸಾಮು' ಎಂಬ ಶಬ್ದಕ್ಕೂ ಈ 'ಶ್ರಮ'ಕ್ಕೂ ಸಂಬಂಧವನ್ನು ಕಲ್ಪಿಸುವುದು ಅಸಂಗತವಾಗಲಾರದು.

ಇಷ್ಟು ವಿವರವಾದ ಪಟ್ಟಿಯಲ್ಲಿ ಕುಳಿತೇಳುವ ವ್ಯಾಯಾಮಕ್ಕೆ ಪ್ರತ್ಯೇಕವಾದ ಹೆಸರಿಲ್ಲ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಗುರ್ಜರದೇಶದ ಮೋಢೇರದ ಜ್ಯೇಷ್ಠಿಮಲ್ಲರ ಕುಲಗ್ರಂಥವೂ, ೧೯೬೪ರಲ್ಲಿ ಬಡೋದೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾದುದೂ ಆದ ಮಲ್ಲಪುರಾಣದಲ್ಲಿ ಶ್ರಮಗಳ ಪಟ್ಟಿ ಇನ್ನೂ ಉದ್ದವಾಗಿದೆ. ಅಲ್ಲಿಯೂ ಬೈಠಕ್ಕೆಂಬ ಹೆಸರು ದೊರೆಯದು. ವಿಜಯನಗರಕ್ಕೆ ಕ್ರಿ. ಶ. ೧೫೨೦ರ ಸುಮಾರಿಗೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಹೊತ್ತು ಮೂಡುವ ಮೊದಲೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆ ತಿಕ್ಕಿಸಿಕೊಂಡು, ಮಣ್ಣಿನ ಭಾರಗಳನ್ನು ಕೈಗಳಲ್ಲಿ ಹಿಡಿದು, ಎಣ್ಣೆಯೆಲ್ಲ ಬೆವರಾಗಿ ಹೊರಬೀಳುವವರೆಗೆ ಕತ್ತಿವರಸೆ ಮಾಡಿ, ಬಳಿಕ ತನ್ನ ಜಟ್ಟಿಗಳೊಳಗೊಬ್ಬನೊಡನೆ ಹೋರಾಡಿ, ಕುದುರೆಯನ್ನೇರಿ ಬೆಳಗಾಗುವವರೆಗೆ ಓಡಾಡಿಸುವನಂತೆ. ಇಷ್ಟು ಹೇಳಿದ ಪಾಯೆಸನೂ ಕುಳಿತೇಳುವ ಮಾತನ್ನೆತ್ತಿಲ್ಲ.

ಗ್ರಂಥಗಳ ಮೌನದಿಂದ ಅಭಾವವನ್ನೇ ಸಾಧಿಸಹೊರಡುವುದು ತಾರ್ಕಿಕರ ಮತದಲ್ಲಿ ದುರ್ಬಲವಾದ ಹೇತು. ಉಪಕರಣವಿಲ್ಲದ, ಯಾರೂ ಹಣ ಕೊಟ್ಟು ನೋಡದ ಸಾಧನೆಯನ್ನು ರಾಜಸಭೆಯ ಗ್ರಂಥಕಾರನು ಬಿಟ್ಟುಬಿಡುವುದು ಸಹಜ. ಕಂಬವನ್ನು ತೊಡೆಗಳಿಂದ ಬಿಗಿದು ಹಿಡಿಯತಕ್ಕ ಸ್ತಂಭಶ್ರಮದಿಂದಲೂ, ಭಾರವನ್ನು ನೆಲದಿಂದ ಎತ್ತತಕ್ಕ ಭಾರಶ್ರಮದಿಂದಲೂ ಆ ಕಾಲದ ಮಲ್ಲರ ಕಾಲುಗಳಿಗೆ ಸಾಕಷ್ಟು ಕೆಲಸ ಒದಗುತ್ತಿದ್ದಿತು. ಆದರೂ ಮೂರು ಸಾಕ್ಷಿಗಳು ಮೂರು ಕಾಲದಲ್ಲಿ ಒಂದೇ ವಿಷಯದಲ್ಲಿ ಸುಮ್ಮನಿದ್ದರೆ, ಆ ವಿಷಯವು ಈಗಿನಷ್ಟು ಪ್ರಾಧಾನ್ಯವನ್ನು ಅಂದು ಪಡೆದಿರಲಿಲ್ಲವೆಂಬಷ್ಟನ್ನಾದರೂ ಒಪ್ಪಬೇಕಾಗುತ್ತದೆ. ಭೀಮಸೇನನ ಬೈಠಕ್ಕುಗಳ ಸಂಖ್ಯೆಯನ್ನು ಹೇಳುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಬೈಠಕ್ಕನ್ನು ಬೈಠಕ್ಕಾಗಿಸಿದ್ದು ಭಂಗಿಯಲ್ಲ, ಆವೃತ್ತಿ. ಒಂದೇ ಚಲನೆಯನ್ನು ಎಣಿಸಿ ಎಣಿಸಿ ಮರಳಿ ಮಾಡುವುದು, ಎಣಿಕೆಯನ್ನು ದಿನದಿನಕ್ಕೆ ಏರಿಸುವುದು, ಇದೇ ಅದರ ಪ್ರಾಣ. ಈ ಆವೃತ್ತಿಯ ಪದ್ಧತಿಯು ಸಂಸ್ಕೃತ ಯೋಗಗ್ರಂಥಗಳಲ್ಲಿ ಸ್ಪಷ್ಟವಾಗಿ ತಲೆದೋರುವುದು ಹದಿನೆಂಟನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಹಠಾಭ್ಯಾಸಪದ್ಧತಿಯಲ್ಲಿ. ಕಪಾಲಕುರಂಟಕನ ಹೆಸರಿನಲ್ಲಿರುವ ಈ ಗ್ರಂಥದ ೧೧೨ ಆಸನಗಳಲ್ಲಿ ಹಲವು ಸ್ಥಿರವಾಗಿ ಕೂಡತಕ್ಕವಲ್ಲ, ಮರಳಿಮರಳಿ ಚಲಿಸತಕ್ಕವು. ಹಗ್ಗವನ್ನೇರುವ ಆಸನಗಳೂ ಅಲ್ಲಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಚಿತ್ರಸಹಿತವಾಗಿ ಕೊಟ್ಟಿರುವ ೧೨೨ ಆಸನಗಳಿಗೆ ಇದೇ ಪರಂಪರೆಯು ಆಕರವೆಂಬುದು ಈಚಿನ ಶೋಧನೆಯಿಂದ ತಿಳಿದುಬಂದಿದೆ. ಯೋಗಿಯ ಆಸನಕ್ಕೂ ಮಲ್ಲನ ಶ್ರಮಕ್ಕೂ ನಡುವಣ ಗೋಡೆಯು ಆ ಕಾಲಕ್ಕೆ ತೆಳ್ಳಗಾಗಿದ್ದಿತು. ಮೈಸೂರು ಅರಮನೆಯಲ್ಲಂತೂ ದಸರೆಯ ವಜ್ರಮುಷ್ಟಿ ಕಾಳಗದ ಜಟ್ಟಿಗಳೂ, ಆಸನಗಳನ್ನು ಬರೆಯಿಸುವ ಪಂಡಿತರೂ ಒಬ್ಬನೇ ಪ್ರಭುವಿನ ಆಶ್ರಿತರು. ಆವೃತ್ತಿಯು ಆಂಗ್ಲ ಕವಾಯತಿನಿಂದ ಬಂದಿತೆಂಬ ವಾದಕ್ಕೆ ಈ ಗ್ರಂಥವೇ ತಕ್ಕ ಉತ್ತರ.

ಧಾರವಾಡ ಸೀಮೆಗೆ ಈ ಪಾಠಕ್ರಮವು ಮರಾಠರ ತಾಲೀಮಿನಿಂದ ಬಂದಿರಬೇಕೆಂಬುದನ್ನು ಪರಿಭಾಷೆಯೇ ಹೇಳುತ್ತದೆ. ರಾಜಕೀಯ ಚರಿತ್ರೆಯೂ ಅದನ್ನು ಸಮರ್ಥಿಸುತ್ತದೆ. ೧೭೯೧ರಲ್ಲಿ ಪರಶುರಾಮಭಾವೂ ಪಟವರ್ಧನನು ಟೀಪುವಿನ ದಂಡಿನಿಂದ ಧಾರವಾಡದ ಕೋಟೆಯನ್ನು ಪಡೆದ ಮೇಲೆ, ೧೮೧೭ರಲ್ಲಿ ಅದು ಆಂಗ್ಲರ ಕೈಸೇರುವವರೆಗೆ, ಈ ಪ್ರಾಂತವು ಪೇಶವೆಗಳ ಆಳಿಕೆಯಲ್ಲಿದ್ದಿತು. ಪುಣೆಯಲ್ಲಿ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟದಾದಾ ದೇವಧರನು ಮಲ್ಲಗಂಬದ ವಿದ್ಯೆಯನ್ನು ಎತ್ತಿ ನಿಲ್ಲಿಸಿದನೆಂದು ಪ್ರಸಿದ್ಧಿ. ಆಂಗ್ಲರ ಕಾಲದಲ್ಲಿಯೂ ಈ ಸಂಬಂಧ ಹರಿಯಲಿಲ್ಲ. ಈಗಿನ ಧಾರವಾಡ ಜಿಲ್ಲೆಯ ಕುಂದಗೋಳವು ೧೯೪೮ರವರೆಗೆ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯ ಕೊಲ್ಲಾಪುರದಲ್ಲಿ ೧೮೯೪ರಿಂದ ೧೯೨೨ರವರೆಗೆ ಆಳಿದ ಶಾಹೂ ಮಹಾರಾಜರು ಕುಸ್ತಿಗೆ ಕೊಟ್ಟ ಆಶ್ರಯವು ಕನ್ನಡದ ಪೈಲವಾನರನ್ನೂ ಸೆಳೆಯದಿರಲಿಲ್ಲ. ಮೈಸೂರಿನ ಕಡೆಗೆ ೧೮೯೬ರಲ್ಲಿ ಬೆಂಗಳೂರಿನಿಂದ ಭಾರದ್ವಾಜರ ವ್ಯಾಯಾಮದೀಪಿಕೆಯು ಹೊರಬಿದ್ದು, ಗರಡಿಯ ವಿದ್ಯೆಯು ಅಚ್ಚಿನ ಪುಸ್ತಕಕ್ಕೆ ಇಳಿಯಿತು.

ಎಣಿಕೆಯ ವಿಷಯದಲ್ಲಿ ಅತಿಶಯೋಕ್ತಿಗೆ ಮಿತಿಯಿಲ್ಲ. ೧೯೧೦ರಲ್ಲಿ ಲಂಡನ್ ನಗರದಲ್ಲಿ ಝಬಿಸ್ಕೋವಿನೊಡನೆ ಸೆಣಸಿ ಜಗತ್ಪ್ರಸಿದ್ಧನಾದ ಗಾಮಾ ಪೈಲವಾನನು ದಿನಕ್ಕೆ ಐದು ಸಾವಿರ ಬೈಠಕ್ಕು ಹೊಡೆಯುತ್ತಿದ್ದನೆಂಬ ಮಾತು ಎಲ್ಲೆಡೆಯೂ ಕೇಳಿಬರುತ್ತದೆ. ಹತ್ತು ವರ್ಷದ ಬಾಲಕನಾಗಿದ್ದಾಗಲೇ ಜೋಧಪುರದಲ್ಲಿ ನೂರಾರು ಪೈಲವಾನರ ನಡುವೆ ಬೈಠಕ್ಕಿನ ಪಂದ್ಯದಲ್ಲಿ ಕೊನೆಯವರೆಗೆ ನಿಂತು ಮಹಾರಾಜನಿಂದ ಬಹುಮಾನ ಪಡೆದನೆಂದೂ ಆತನ ಚರಿತ್ರಕಾರರು ಹೇಳುತ್ತಾರೆ. ಗಾಮಾನ ಬಲವು ನಿಸ್ಸಂಶಯವಾದದ್ದು. ಆದರೆ ಗಾಮಾನ ಎಣಿಕೆಯನ್ನು ಗಾಮಾನ ದೇಹವಿಲ್ಲದವನು ಅನುಸರಿಸುವುದು ಆಯುರ್ವೇದಕ್ಕೆ ಸಮ್ಮತವಲ್ಲ. ಸುಶ್ರುತನೂ ವಾಗ್ಭಟನೂ ವ್ಯಾಯಾಮವನ್ನು ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಿಧಿಸಿದ್ದಾರೆ. ಆ ಅರ್ಧವನ್ನು ಸಂಖ್ಯೆಯಿಂದ ಅಳೆಯದೆ ಶರೀರದ ಚಿಹ್ನೆಯಿಂದ ಅಳೆದಿರುವುದೇ ಇಲ್ಲಿಯ ಸೂಕ್ಷ್ಮ: ಹೃದಯದ ವಾಯುವು ಬಾಯಿಗೆ ಬರತೊಡಗಿದರೆ, ಎಂದರೆ ಏದುಸಿರು ಹತ್ತಿದರೆ, ಅಲ್ಲಿಗೆ ಅರ್ಧಬಲವು ಮುಗಿಯಿತು. ವಾಗ್ಭಟನು ಇದನ್ನೂ ಚಳಿಗಾಲ ವಸಂತಗಳಿಗೆ ಸೀಮಿತಗೊಳಿಸಿ, ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಮಾಡಹೇಳಿದ್ದಾನೆ. ಮಿತಿಮೀರಿದವನಿಗೆ ಚರಕನು ಕೊಟ್ಟ ಹೋಲಿಕೆ, ಆನೆಯನ್ನು ಎಳೆಯಹೋಗಿ ತಾನೇ ಅಳಿಯುವ ಸಿಂಹದ್ದು. ಯುಕ್ತಪ್ರಮಾಣದ ವ್ಯಾಯಾಮಕ್ಕೆ ಅದೇ ಚರಕನು ಹೇಳಿದ ಫಲಗಳು ಶರೀರಲಾಘವ, ಕರ್ಮಸಾಮರ್ಥ್ಯ, ಸ್ಥೈರ್ಯ, ಕ್ಲೇಶಸಹನೆ, ಅಗ್ನಿವೃದ್ಧಿ ಎಂಬಿವು.

ಬೈಠಕ್ಕಿನ ವಿಶೇಷಫಲವನ್ನು ವಿಚಾರಿಸಿದರೆ, ಅದು ತೊಡೆಯ ಮುಂಭಾಗದ ಮಾಂಸಖಂಡಗಳನ್ನೂ ಪೃಷ್ಠದ ಮಾಂಸಖಂಡಗಳನ್ನೂ ಮುಖ್ಯವಾಗಿ ಬಲಪಡಿಸುವುದು. ಕುರ್ಚಿಯಿಂದೇಳುವುದು, ಮೆಟ್ಟಿಲೇರುವುದು, ಎಡವಿದಾಗ ಬೀಳದೆ ನಿಲ್ಲುವುದು, ಇವೆಲ್ಲವೂ ಇವೇ ಮಾಂಸಖಂಡಗಳ ಅಧೀನ. ವೃದ್ಧರ ಕಾಲ್ಬಲವನ್ನು ಪರೀಕ್ಷಿಸುವ ಇಂದಿನ ವೈದ್ಯರು ಮೂವತ್ತು ಸೆಕೆಂಡುಗಳಲ್ಲಿ ಕೈಯೂರದೆ ಕುರ್ಚಿಯಿಂದ ಎಷ್ಟು ಸಲ ಏಳಬಲ್ಲರೆಂದು ಎಣಿಸುತ್ತಾರೆ. ಅದು ಅರ್ಧಬೈಠಕ್ಕಲ್ಲದೆ ಮತ್ತೇನು? ಹಿಮ್ಮಡಿಯನ್ನೆತ್ತಿ ಕೂಡುವ ಗರಡಿಯ ಕ್ರಮದಿಂದ ಮೀನಖಂಡಗಳಿಗೂ ಸಮತೋಲಕ್ಕೂ ಅಭ್ಯಾಸ ದೊರೆಯುವುದು ಹೌದು. ಆದರೆ ಆಗ ಮೊಣಕಾಲು ಮುಂದಕ್ಕೆ ಚಾಚಿ ಅದರ ಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಅಂಗಾಲೂರಿ ಕೂಡುವ ಒಕ್ಕಲಿಗನ ಕ್ರಮದಲ್ಲಿ ಭಾರದ ಹೆಚ್ಚಿನ ಪಾಲು ಸೊಂಟದ ಕೀಲಿಗೆ ಹೋಗುವುದು. ಮೊಣಕಾಲು ನೋವಿರುವವರಿಗೂ ವಯಸ್ಸು ಕಳೆದವರಿಗೂ ಪೈಲವಾನನ ಕ್ರಮಕ್ಕಿಂತ ಒಕ್ಕಲಿಗನ ಕ್ರಮವೇ, ಅದೂ ಪೂರ್ತಿ ಇಳಿಯದೆ, ಹಿತ. ಕುಳಿತೇಳುವುದು ಬೇರೆ, ಕುಳಿತೇ ಇರುವುದು ಬೇರೆ ಎಂಬುದನ್ನೂ ಮರೆಯಬಾರದು. ಯೌವನದಲ್ಲಿ ದಿನಕ್ಕೆ ಹಲವು ಗಂಟೆ ಕುಕ್ಕುರುಗಾಲಿನಲ್ಲಿ ಕುಳಿತವರಲ್ಲಿ ಮೊಣಕಾಲಿನ ಸಂಧಿವಾತ ಹೆಚ್ಚೆಂದು ಬೀಜಿಂಗ್ ನಗರದ ವೃದ್ಧರನ್ನು ಪರೀಕ್ಷಿಸಿದ ವೈದ್ಯರು ೨೦೦೪ರಲ್ಲಿ ಪ್ರಕಟಿಸಿದ್ದಾರೆ. ಕಳೆ ತೆಗೆಯುವ ಹೆಂಗಸರ ಮೊಣಕಾಲು ನೋವಿಗೆ ಇದರಿಂದ ಅರ್ಥ ದೊರೆಯಬಹುದು.

ಇನ್ನುಳಿದುದು ಕಿವಿ ಹಿಡಿದು ಹೊಡೆಯುವ ಬಸ್ಕಿಯ ವಿಚಾರ. ತಮಿಳುನಾಡಿನಲ್ಲಿ ಇದು ಗಣಪತಿಯ ಆರಾಧನೆಯ ಅಂಗ, 'ತೋಪ್ಪುಕರಣ'ವೆಂದು ಹೆಸರು. ಇದನ್ನು 'ದೋರ್ಭಿಃ ಕರ್ಣ', ಎಂದರೆ ತೋಳುಗಳಿಂದ ಕಿವಿ, ಎಂಬ ಸಂಸ್ಕೃತ ಪದಗಳಿಂದ ಸಾಧಿಸುವುದುಂಟು. ವಿಷ್ಣುವಿನ ಚಕ್ರವನ್ನು ಬಾಲಗಣಪತಿಯು ನುಂಗಿದಾಗ, ವಿಷ್ಣುವು ನಾಲ್ಕು ಕೈಗಳಿಂದ ಕಿವಿ ಹಿಡಿದು ಕುಳಿತೆದ್ದು ಅವನನ್ನು ನಗಿಸಿ ಚಕ್ರವನ್ನು ಹೊರತೆಗೆಯಿಸಿದನೆಂಬ ಕಥೆ ಅದಕ್ಕೆ ಆಧಾರ. ಅಲ್ಲಿ ಅದು ಭಕ್ತನು ತಾನಾಗಿ ಮಾಡುವ ವಿನಯ. ನಗೆಯ ಕಥೆಯಿಂದ ಹುಟ್ಟಿದ್ದು. ಶಾಲೆಯಲ್ಲಿ ಅದೇ ಕ್ರಿಯೆಯು ಶಿಕ್ಷೆಯಾಯಿತು. ಹೀಗೆ ಕನ್ನಡದ ಮಕ್ಕಳಲ್ಲಿ ಬಹುಮಂದಿಗೆ ಬಸ್ಕಿಯ ಮೊದಲ ಪರಿಚಯ ಗರಡಿಯಲ್ಲಿ ಆಗದೆ ಅವಮಾನದಲ್ಲಿ ಆಗತೊಡಗಿ, ಬಲದ ಸಾಧನವೊಂದು ಲಜ್ಜೆಯ ಗುರುತಾಗಿಬಿಟ್ಟಿತು. ಭಾಷೆಯಲ್ಲಿಯೂ ಇದರ ಪರಿಣಾಮವನ್ನು ಕಾಣಬಹುದು: 'ಬೈಠಕ್ಕು ಹೊಡೆದನು' ಎಂದರೆ ಪೈಲವಾನನು ಕಣ್ಣಿಗೆ ಬರುವನು, 'ಬಸ್ಕಿ ಹೊಡೆದನು' ಎಂದರೆ ಪಾಠ ಒಪ್ಪಿಸದ ಹುಡುಗನು. ಅಭ್ಯಾಸವಿಲ್ಲದ ದೇಹದಿಂದ ಬಲಾತ್ಕಾರವಾಗಿ ನೂರಾರು ಬಸ್ಕಿಗಳನ್ನು ಹೊಡೆಯಿಸಿದರೆ ತೊಡೆಯ ಮಾಂಸವು ಒಳಗೇ ಶಿಥಿಲವಾಗಿ, ಅದರ ಅಂಶವು ರಕ್ತಕ್ಕೆ ಸೇರಿ, ಮೂತ್ರಪಿಂಡಗಳಿಗೆ ಅಪಾಯವೊದಗುವುದನ್ನು ವೈದ್ಯರು ಕಂಡಿದ್ದಾರೆ. ಗರಡಿಯ ವಸ್ತಾದನು ಹೊಸಬನಿಗೆ ಹತ್ತರಿಂದ ತೊಡಗಿಸಿ ಎಣಿಕೆಯನ್ನು ಮೆಲ್ಲಮೆಲ್ಲನೆ ಏರಿಸುವುದು ಸುಮ್ಮನಲ್ಲ. ಸುಶ್ರುತನು ಹೇಳಿದ ಏದುಸಿರಿನ ಗುರುತನ್ನು ಅವನು ಗ್ರಂಥದಿಂದಲ್ಲದೆ ಶಿಷ್ಯನ ಮುಖದಿಂದಲೇ ಓದಬಲ್ಲನು. ಎಣಿಕೆಯನ್ನು ಮೊದಲೇ ವಿಧಿಸಿ ಬೆನ್ನು ತಿರುಗಿಸಿ ಕೂಡುವ ಉಪಾಧ್ಯಾಯನಿಗೆ ಅದು ಕಾಣದು. ಮಕ್ಕಳ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ಕುರಿತ ೨೦೦೯ರ ಕಾಯಿದೆಯ ೧೭ನೆಯ ಕಲಮು ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಿವಿ ಹಿಡಿಸಿ ಹೊಡೆಯಿಸುವ ಬಸ್ಕಿಯು ಆ ಎರಡರೊಳಗೂ ಬರುತ್ತದೆ.